ಮೀಸೆಯ ಅಕ್ಕ

ನಡೆದದ್ದು ಇಷ್ಟೇ. ಬದುಕಿರುವ ಗಂಡಸಿನ ಮುಂದೆ ಕೂತು ನಾನು ಸತ್ತ ಹೆಂಗಸಿಗಾಗಿ ಅತ್ತೆ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಳಿದದ್ದೆಲ್ಲ ಊರಿನವರು ಸೇರಿಸಿದ್ದು. ಮುದುಕಿಗೆ ಸಿನಿಮಾದ ಹುಚ್ಚು ಹಿಡಿದಿದೆ ಅಂದರು. ತಲೆ ಕೆಟ್ಟು ಮಗ ಯಾರು, ಅಕ್ಕ ಯಾರು ಅನ್ನುವುದೇ ಮರೆತಿದ್ದಾಳೆ ಅಂದರು. ಎರಡೂ ಸುಳ್ಳು. ನನ್ನ ತಲೆ ನೆಟ್ಟಗಿದೆ. ಮಂಡಿ ನೆಟ್ಟಗಿಲ್ಲ, ಅದು ಬೇರೆ ಮಾತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಅವಳು ಹರಪನಹಳ್ಳಿ ಕಡೆಯ ಅರಸೀಕೆರೆಯವಳು, ನಾನು ತಂಬ್ರಹಳ್ಳಿಯವಳು. ಕೊಟ್ಟೂರಿನಲ್ಲಿ ಒಂದೇ ಮನೆಗೆ, ಒಂದೇ ಒಲೆಗೆ ಬಂದು ಬಿದ್ದೆವು. ಅವಳದು ದಾವಣಗೆರೆ ಕಡೆಯ ಮಾತು. ನಾವೆಲ್ಲ 'ಹೋಗೋಣು' ಅಂದರೆ ಅವಳು 'ಹೋಗಾಣ ಬಾ' ಅನ್ನುತ್ತಿದ್ದಳು. ನಮ್ಮತ್ತೆ ಎಷ್ಟು ಅಣಕಿಸಿದರೂ ಸಾಯುವ ತನಕ ಅದನ್ನು ಬಿಡಲಿಲ್ಲ.

ಆಗ ಊರ ಹೊರಗಿನ ಬಯಲಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ, ನಡುವೆ ಮೊಳದೆತ್ತರದ ಮಣ್ಣಿನ ಗೋಡೆ. ಅಕ್ಕನಿಗೆ ದೇವರ ಸಿನಿಮಾ ಬೇಡ, ಅಳಿಸುವ ಸಿನಿಮಾ ಬೇಡ. ಹೊಡೆದಾಟವೇ ಬೇಕು. ಕಥೆ ಎಲ್ಲದರಲ್ಲೂ ಒಂದೇ. ಒಬ್ಬ ಡಕಾಯಿತ, ಅವನ ಕುದುರೆ, ಬಣ್ಣದ ದೀಪ ಹಾಕಿದ ಗುಹೆ, ಹೊಲಿಗೆ ಹಾಕಿ ಹಾಕಿ ಕಣ್ಣು ಕಳೆದುಕೊಂಡ ತಾಯಿ, ಪೊಲೀಸಾದ ತಮ್ಮ. ಕೊನೆಗೆ ಬಜಾರದಲ್ಲಿ ಜಗಳ. ಆ ಜಗಳದಲ್ಲಿ ಒಂದು ತರಕಾರಿ ಗಾಡಿ ಉರುಳಲೇಬೇಕು. ಗಾಡಿ ಉರುಳಿದ ಕೂಡಲೇ ಅಕ್ಕ ನನ್ನ ತೊಡೆಗೆ ಹೊಡೆಯುತ್ತಿದ್ದಳು.

"ಅಲ್ಲಲೇ, ಟಮಾಟಿ ಎಲ್ಲ ಮಣ್ಣುಪಾಲಾತು! ಆ ಗಾಡಿಯಾಕೆ ಈಗ ಏನು ಮಾರ್ತಾಳೆ?"

"ಸುಮ್ನ ನೋಡಕ್ಕಾ, ಹೀರೋ ಸಾಯಾಕ ಹತ್ಯಾನ."

"ಸಾಯ್ಲಿ ಬಿಡು. ಗಾಡಿ ಎತ್ತಿ ನಿಲ್ಲಿಸಿ ಸಾಯ್ಬೇಕಾಗಿತ್ತು."

ಹಿಂದೆ ಕೂತವರು ಬೈಯುತ್ತಿದ್ದರು. ಮನೆಗೆ ಬಂದು ಖಾರ ಕುಟ್ಟುವಾಗ ಅವಳೇ ಡಕಾಯಿತ, ನಾನು ಪೊಲೀಸು. ಒನಕೆಯೇ ಬಂದೂಕು. ಬೇರೆ ಮನೆಯ ನೆಗೆಣ್ಣಿಯರು ಏನು ಮಾತಾಡಿಕೊಳ್ಳುತ್ತಾರೋ ನನಗೆ ಗೊತ್ತಿಲ್ಲ. ನಾವು ಇದನ್ನೇ ಮಾತಾಡಿದೆವು, ಮುದುಕಿಯರಾಗುವ ತನಕ.

ಮನೆ ಎರಡು ಪಾಲಾದ ಮೇಲೆ ನಡುವೆ ಒಂದು ಗೋಡೆ ಎದ್ದಿತು. ಅದರ ಆಚೆ ಅಕ್ಕ ಮತ್ತು ಅವಳ ಒಬ್ಬನೇ ಮಗ. ಅವನದು ಹಿಟ್ಟಿನ ಗಿರಣಿ, ಅವನಿಗೆ ಊರಿಗೆಲ್ಲ ದೊಡ್ಡ ಮೀಸೆ. ಅದಕ್ಕೆ ಯಾವಾಗಲೂ ಹಿಟ್ಟು ಹತ್ತಿರುತ್ತದೆ. ಈಚೆ ನಾನು, ನನ್ನ ಮಗ, ಸೊಸೆ. ಅವರಿಬ್ಬರೂ ಬಟ್ಟೆ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಾನು ಒಬ್ಬಳೇ ಅನ್ನುವಂತಿಲ್ಲ, ಮನೆ ತುಂಬ ಜನರ ಚಪ್ಪಲಿಗಳಿವೆ.

ಹೋದ ವರ್ಷ ನನ್ನ ಕಣ್ಣಿನ ಪೊರೆ ತೆಗೆದರು. ಡಾಕ್ಟರು ಕಪ್ಪು ಕನ್ನಡಕ ಹಾಕಿ ಕಳಿಸುತ್ತ, "ಒಂದು ತಿಂಗಳು ಬಗ್ಗಬ್ಯಾಡ್ರಿ, ಹೊಗಿ ಮುಂದ ಕೂಡಬ್ಯಾಡ್ರಿ, ಏನ ಆದ್ರೂ ಅಳಬ್ಯಾಡ್ರಿ, ಕಣ್ಣು ಹೊಕ್ಕಾವ" ಅಂದರು. ಅದೇ ವಾರ ಅಕ್ಕ ತೀರಿದಳು. ನನಗೆ ಹೇಳದೆ ಕೇಳದೆ, ನೀರಿನ ಕೊಡದ ಪಕ್ಕದಲ್ಲಿ.

ನಮ್ಮ ಕಡೆ ಹಾಡ್ಯಾಡಿ ಅಳುವುದು ಅಂತ ಒಂದು ಪದ್ಧತಿ ಇದೆ. ಬರಿ ಅಳು ಅಲ್ಲ. ಹೆಣದ ತಲೆಯ ಹತ್ತಿರ ಕೂತು, ಸತ್ತವರನ್ನು ನೀವು ಏನೆಂದು ಕರೆಯುತ್ತಿದ್ದಿರೋ ಹಾಗೇ ಕರೆದು, ಅವರು ಮಾತ್ರ ಮಾಡುತ್ತಿದ್ದದ್ದನ್ನು ಒಂದೊಂದಾಗಿ ಹೇಳಿ ಅಳಬೇಕು. ಒಂದೇ ಒಲೆಯಲ್ಲಿ ಉಂಡವಳು ಮೊದಲು ದನಿ ಎತ್ತಬೇಕು, ಉಳಿದವರು ಕೂಡಿಸುತ್ತಾರೆ. ಮಣ್ಣು ಕೊಡುವ ತನಕ ಅಷ್ಟೇ. ಆಮೇಲೆ ಮನೆಯೊಳಗೆ ಹಾಡ್ಯಾಡಿದರೆ ಇನ್ನೊಂದು ಸಾವನ್ನು ಕರೆದ ಹಾಗೆ.

ಅಕ್ಕನಿಗೆ ಎತ್ತಬೇಕಾದವಳು ನಾನು. ಎತ್ತಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತೆ. ಯಾವಳೋ ದೂರದ ಸಂಬಂಧಿ ಎತ್ತಿದಳು. ತುಪ್ಪ ಸುರಿದು ಬಡಿಸುವ ಕೈ ಅಂದಳು, ತಗ್ಗಿಸಿದ ತಲೆ ಎತ್ತದವಳು ಅಂದಳು. ಅಕ್ಕ ತುಪ್ಪವನ್ನು ಬೆರಳಲ್ಲಿ ಸವರುತ್ತಿದ್ದಳು. ತಲೆ ತಗ್ಗಿಸಿದ್ದನ್ನಂತೂ ನಾನು ಕಾಣೆ. ಯಾರದೋ ಹೆಣಕ್ಕೆ ಅತ್ತ ಹಾಗಾಯಿತು. ಬಾಗಿಲಲ್ಲಿ ಒಬ್ಬಳು ಇನ್ನೊಬ್ಬಳಿಗೆ, "ನೋಡಲ್ಲಿ, ಕರೀ ಕನ್ನಡಕ ಹಾಕ್ಕೊಂಡು ಹಳೇ ಸಿನಿಮಾದ ಕಳ್ಳ ಸಾವ್ಕಾರ ಕುಂತಂಗ ಕುಂತಾಳ" ಅಂದದ್ದು ನನಗೂ ಕೇಳಿಸಿತು, ಅಕ್ಕನ ಮಗನಿಗೂ ಕೇಳಿಸಿತು.

ಮಣ್ಣು ಕೊಟ್ಟು ಬಂದವನು ಕಾಲು ತೊಳೆಯದೆ ನನ್ನೆದುರು ನಿಂತ.

"ನಮ್ಮವ್ವಗ ನಿನ್ನ ಬಾಯಾಗ ಒಂದು ಮಾತು ಬರಲಿಲ್ಲಲ್ಲ ಚಿಗವ್ವಾ."

"ಡಾಕ್ಟ್ರು ಅಳಬ್ಯಾಡ ಅಂದಾರ. ಕಣ್ಣು ಹೊಕ್ಕಾವ."

"ನಿನಗ ಕಣ್ಣು ಹೆಚ್ಚೋ, ಅಕ್ಕ ಹೆಚ್ಚೋ?"

"ಕಣ್ಣು" ಅಂದೆ. "ಅಕ್ಕ ಹೋದಾಕಿ ಹೋದಳು. ನಾ ಇನ್ನಾ ಇರಬೇಕಲ್ಲ, ಕುರುಡಿಯಾಗಿ ಇರ್ಲೇನು?"

ಈಗ ಕೇಳಿದರೂ ಅದೇ ಹೇಳುತ್ತೇನೆ. ಆದರೆ ಅವನು ಚಿಗವ್ವ ಅಂದದ್ದು ಅದೇ ಕೊನೆ. ಗೋಡೆಯ ಆಚೆ ಅವನು ಕೆಮ್ಮಿದರೆ ನನಗೆ ಕೇಳಿಸುತ್ತದೆ, ನನ್ನ ಟಿವಿ ಅವನಿಗೆ ಕೇಳಿಸುತ್ತದೆ. ಎದುರು ಬಂದರೆ ಬದಿಗೆ ಸರಿದು ಹೋಗುತ್ತಾನೆ. ನಮ್ಮ ಜೋಳ ಬಸ್ ಸ್ಟ್ಯಾಂಡಿನ ಆಚೆಯ ಗಿರಣಿಗೆ ಹೋಗತೊಡಗಿತು. ಚಿಗವ್ವ, ಅಂದರೆ ಚಿಕ್ಕಮ್ಮ, ಅಂತ ನನ್ನನ್ನು ಕರೆಯುವವನು ಭೂಮಿಯ ಮೇಲೆ ಅವನೊಬ್ಬನೇ. ಅಜ್ಜಿ ಅನ್ನುವವರಿದ್ದಾರೆ, ಅತ್ತಿ ಅನ್ನುವವಳಿದ್ದಾಳೆ. ಚಿಗವ್ವ ಅನ್ನಬೇಕಾದರೆ ಮೊದಲು ಅಕ್ಕ ಇದ್ದಿರಬೇಕು. ಆ ಮಾತು ನಿಂತಾಗ ಅಕ್ಕ ಇನ್ನೊಂದು ಸಲ ಹೋದಳು. ಅದು ನನಗೆ ವಾಪಸು ಬೇಕಾಗಿತ್ತು. ಕೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ.

ಮಧ್ಯಾಹ್ನ ಟಿವಿಯಲ್ಲಿ ಹಳೇ ಹೊಡೆದಾಟದ ಸಿನಿಮಾ ಹಾಕುತ್ತಾರೆ. ಕಣ್ಣು ಈಗ ಚೆನ್ನಾಗಿ ಕಾಣುತ್ತವೆ, ಹೀರೋ ಹೊಡೆದ ಗುದ್ದು ಮುಖಕ್ಕೆ ತಾಗುವುದೇ ಇಲ್ಲ ಅನ್ನುವುದೂ ಕಾಣುತ್ತದೆ. ಗಾಡಿ ಉರುಳಿದಾಗ ಈಗಲೂ ಎಡಕ್ಕೆ ಹೊರಳುತ್ತೇನೆ. ಒಂದು ದಿನ ಸೊಸೆ ನೋಡಿ, "ಯಾರನ್ನ ನೋಡ್ತೀರ್ರಿ ಅತ್ತಿ, ಗ್ವಾಡಿ ಐತಲ್ಲ ಅಲ್ಲಿ?" ಅಂದಳು. ಗೋಡೆಯನ್ನೇ ನೋಡಿದೆ ಅಂದೆ.

ನನ್ನ ಮಗಳ ಮಗಳು ಹಗರಿಬೊಮ್ಮನಹಳ್ಳಿಯಲ್ಲಿ ಮದುವೆಯ ವಿಡಿಯೋ ತೆಗೆಯುತ್ತಾಳೆ. ಆಷಾಢದಲ್ಲಿ ಮದುವೆ ಇಲ್ಲ, ಕ್ಯಾಮೆರಾ ಸುಮ್ಮನೆ ಇರುತ್ತದೆ. ಈ ಆಷಾಢದಲ್ಲಿ ಜೊತೆಯವರನ್ನು ಕಟ್ಟಿಕೊಂಡು ಒಂದು ಡಕಾಯಿತ ಸಿನಿಮಾ ಮಾಡುತ್ತೇನೆ ಅಂತ ಬಂದಳು. ಖರೆ ಡಕಾಯಿತ ಸಿನಿಮಾ ಅಲ್ಲ, ಅದರ ಅಣಕ.

"ಸತ್ತವರನ್ನ ಯಾಕ ಅಣಕಿಸ್ತಿ?" ಅಂದೆ. ಆ ಸಿನಿಮಾದವರಲ್ಲಿ ಬಹಳ ಜನ ಈಗ ಇಲ್ಲ.

"ಇದು ಬೈಯೂ ಅಣಕ ಅಲ್ಲಜ್ಜಿ. ಪ್ರೀತಿ ಇದ್ದಾರನ್ನ ಅಷ್ಟ ಹಿಂಗ ಅಣಕಿಸಾಕ ಬರ್ತೈತಿ."

"ಹಂಗಾರ ನನ್ನ ಕುಂಟು ನಡಿಗಿ ಅಣಕಿಸೂ ಹುಡುಗ್ರಿಗೆಲ್ಲ ನನ್ನ ಮ್ಯಾಲೆ ಪ್ರೀತಿ ಐತೇನು?"

ಅವಳು ನಕ್ಕಳು. ಡಕಾಯಿತನ ತಾಯಿ ನಾನೇ ಆಗಬೇಕಂತೆ. ಡಕಾಯಿತ ಯಾರು ಅಂತ ಕೇಳಿದೆ.

"ಗಿರಣಿ ಮಾವ. ಮೀಸಿ ಹಚ್ಚೂದ ಬ್ಯಾಡ, ರೆಡಿ ಐತಿ."

"ಅವ ನನ್ನ ಕೂಡ ಮಾತಾಡೂದಿಲ್ಲ."

"ಸಿನಿಮಾದಾಗ ಆಡ್ತಾನ ಬಿಡಜ್ಜಿ."

ಹೂಂ ಅಂದೆ. ಯಾಕೆ ಅಂದೆ ಅನ್ನುವುದು ಮೇಲೆ ಬರೆದಾಗಿದೆ.

ಕೂಡ್ಲಿಗಿ ದಾರಿಯಲ್ಲಿ ಕರಡಿ ಬೆನ್ನಿನಂಥ ಕಲ್ಲುಗಳಿರುವ ಕಡೆ ಶೂಟಿಂಗು. ಕುದುರೆ ಸಿಗಲಿಲ್ಲ, ಬೈಕುಗಳಿಗೆ ಎತ್ತಿನ ಗೆಜ್ಜೆಸರ ಕಟ್ಟಿದ್ದರು. ಸವಾರರು ಇಳಿದ ಮೇಲೆ ಬೈಕಿನ ಮುಂದೆ ಹುಲ್ಲು ಹಾಕುತ್ತಿದ್ದರು. ಬಂದೂಕು ನೀರಿನ ಪೈಪಿನದು. ಗುದ್ದಿದ ಸದ್ದಿಗೆ ಒಬ್ಬ ಹುಡುಗಿ ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿಯುತ್ತಿದ್ದಳು. ಗುದ್ದು ಬಿದ್ದು ಎಷ್ಟೋ ಹೊತ್ತಾದ ಮೇಲೆ ಸದ್ದು ಬರಬೇಕು, ಅದೇ ತಮಾಷೆಯಂತೆ. ಗಾಡಿ ಉರುಳಿಸುವುದಕ್ಕೆ ಕೊಟ್ಟೂರಿನ ತರಕಾರಿ ಹೆಂಗಸರು ಯಾರೂ ಒಪ್ಪಲಿಲ್ಲ. ಒಬ್ಬಳು, "ನಿಮ್ಮಪ್ಪನ ಗಾಡಿ ಉಳ್ಳಿಸ್ಕೊಳ್ರಿ" ಅಂದಳಂತೆ. ಅಕ್ಕ ಕೇಳಬೇಕಾಗಿತ್ತು ಇದನ್ನು. ಕಡೆಗೆ ಒಂದು ಮಂಡಕ್ಕಿ ಗಾಡಿ ತಂದು ಉರುಳಿಸಿದರು. ಮಂಡಕ್ಕಿ ಗಾಳಿಗೆ ಎದ್ದು ಡಕಾಯಿತ, ಪೊಲೀಸು ಎಲ್ಲರ ತಲೆಯ ಮೇಲೂ ಬಿತ್ತು. ಎಲ್ಲಿಂದಲೋ ಆಡುಗಳು ಬಂದು ತಿನ್ನುತ್ತ ನಿಂತವು. ಎಷ್ಟು ಓಡಿಸಿದರೂ ಹೋಗಲಿಲ್ಲ, ಅವೂ ಸಿನಿಮಾದಲ್ಲಿ ಉಳಿದವು.

ಡಕಾಯಿತ ಸಾಯುವ ಮೊದಲು ನನ್ನನ್ನು ನೋಡಿ, "ಅವ್ವಾ, ನಿನ್ನ ಕೈ ರೊಟ್ಟಿ ತಿನ್ನದ ಹೊಂಟೆ" ಅನ್ನಬೇಕು. ಅಕ್ಕನ ಮಗ ನನ್ನ ಕಡೆ ತಿರುಗಲಿಲ್ಲ. ಮೊಮ್ಮಗಳು ಅವನನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಇರ್ಲಿ ಮಾವ, ಆ ಕಲ್ಲು ನೋಡಿ ಹೇಳು. ಆಮ್ಯಾಲೆ ಅಜ್ಜೀನ ತಂದು ಜೋಡಿಸ್ತೀನಿ."

ನನ್ನನ್ನು ದೂರ ಬೇವಿನ ಮರದ ನೆರಳಿಗೆ ಕಳಿಸಿದರು, ಆ ಮರ ನೋಡಿಸಿ ಆಮೇಲೆ ಬೇರೆಯಾಗಿ ತೆಗೆಯುವುದಕ್ಕೆ. ಅವನು ಕಲ್ಲಿಗೆ ಅವ್ವಾ ಅಂದ. ಚೆನ್ನಾಗಿಯೇ ಅಂದ. ಗುಂಡು ತಾಗಿ ಬಿದ್ದ, ಎದ್ದು ಅರ್ಧ ಹಾಡು ಹಾಡಿದ, ಮತ್ತೆ ಗುಂಡು ತಾಗಿತು, ಎದ್ದು ಮಣ್ಣು ಹಣೆಗೆ ಹಚ್ಚಿಕೊಂಡ, ಆಮೇಲೆ ಸತ್ತ. ಹಳೇ ಸಿನಿಮಾದಲ್ಲಿ ಹಾಗೇ ಸಾಯುತ್ತಿದ್ದರು. ಅಕ್ಕ ಸಾಯುವಾಗ ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ.

ಹೆಣವನ್ನೂ ತಾಯಿಯನ್ನೂ ಬೇರೆ ಬೇರೆ ತೆಗೆಯುವುದಕ್ಕೆ ಆಗಲಿಲ್ಲ. ಅವನು ಕಂಬಳಿ ಹೊದ್ದು ಕಣ್ಣು ಮುಚ್ಚಿ ಮಲಗಿದ. ನನ್ನನ್ನು ತಲೆಯ ಹತ್ತಿರ ಕೂರಿಸಿದರು.

"ಅಜ್ಜಿ, ಮಗಾ, ನನ್ನ ಮಗಾ ಅಂತ ಎದಿ ಎದಿ ಬಡ್ಕೊಂಡು ಅಳಬೇಕು. ಜನ ನಗಬೇಕು."

"ನಾ ಅತ್ರ ಜನ ಯಾಕ ನಗ್ತಾರ?"

"ಅತಿ ಮಾಡಿ ಅಳಬೇಕಜ್ಜಿ, ಅದಕ್ಕ."

"ಬದುಕಿದ್ದಾವನ ಮುಂದ ಕುಂತು ಮಗಾ ಅಂತ ಹಾಡ್ಯಾಡಿ ಅಳಬಾರ್ದು. ಅವನಿಗೆ ಹತ್ತತೈತಿ. ನಾ ಒಲ್ಲೆ."

"ಇದು ಸುಳ್ಳ ಅಲ್ಲಜ್ಜಿ?"

"ಬಾಯಿಗೆ ಖರೆ ಸುಳ್ಳು ಗೊತ್ತಾಗೂದಿಲ್ಲಲೇ."

ಆಗ ಹೆಣ ಮಾತಾಡಿತು. ಕಣ್ಣು ತೆರೆಯದೆ, ನನಗಲ್ಲ, ಮೊಮ್ಮಗಳಿಗೆ. "ಬಿಡವ್ವಾ. ಆಕಿಗೆ ಅಳಾಕ ಬರೂದಿಲ್ಲ. ಊರಿಗೆಲ್ಲ ಗೊತ್ತೈತಿ."

ಸುತ್ತ ನಿಂತ ಹುಡುಗರು ಕಿಸಕ್ಕನೆ ನಕ್ಕರು.

"ಸತ್ತಾವ ಬಾಯಿ ಮುಚ್ಚಿಕೊಂಡು ಮಕ್ಕೋಬೇಕು ಅಂತ ಹೇಳು ಅವನಿಗೆ" ಅಂದೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಮಗಾ ಅನ್ನುವಂತಿರಲಿಲ್ಲ. ಸತ್ತಿರುವವರನ್ನೇ ಕರೆಯಬೇಕು, ಹಾಗಾದರೆ ಯಾರಿಗೂ ಹತ್ತುವುದಿಲ್ಲ. ಇದು ಮನೆಯೂ ಅಲ್ಲ, ಬಯಲು. ಎತ್ತಿದೆ.

"ನನ್ನಕ್ಕಾ... ಹಿಟ್ಟು ನಾದೂ ಮುಂದ ಬಳಿ ಬಿಚ್ಚಿಡಾಕಿ, ಬಿಚ್ಚಿಟ್ಟ ಬಳಿ ಎಲ್ಲಿ ಅಂತ ನನ್ನ ಕೇಳಾಕಿ, ನನ್ನಕ್ಕಾ... ತುಪ್ಪ ಬೆರಳಾಗ ಸವರಿ ಬಾಯಿ ತುಂಬ ಬೈಯಾಕಿ, ನನ್ನಕ್ಕಾ... ಗಾಡಿ ಉಳ್ಳಿದ್ರ ಟಮಾಟಿಗೆ ಮರುಗಾಕಿ, ಹೀರೋ ಸತ್ರ ಸಾಯ್ಲಿ ಅನ್ನಾಕಿ, ನನ್ನಕ್ಕಾ... ಹೋಗಾಣ ಬಾ ಅಂತ ಕರದು ನನ್ನ ಬಿಟ್ಟು ಹೋದಾಕಿ, ನನ್ನಕ್ಕಾ..."

ಇನ್ನೂ ಇತ್ತು. ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ. ಕಣ್ಣಿನಿಂದ ನೀರು ಬಂತು. ಡಾಕ್ಟರು ಹೇಳಿದ ಗಡುವು ಯಾವತ್ತೋ ಮುಗಿದಿತ್ತು.

ಹುಡುಗರು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದರು. ಅವರಿಗೆ ಕಂಡದ್ದು ಮೀಸೆಯ ಡಕಾಯಿತ ಬಳೆ ಬಿಚ್ಚಿಡುವುದು. ಅಕ್ಕನ ಮಗನ ಕೆನ್ನೆಯ ಮೇಲೆ ಒಂದು ಗೊದ್ದ ಇರುವೆ ಏರಿ ಮೀಸೆಯೊಳಗೆ ಹೊಕ್ಕಿತು. ಕಚ್ಚಿತೋ ಏನೋ. ಅವನು ಅಲುಗಲಿಲ್ಲ. ಸಾಕು ಅಂತ ಹೇಳಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದ. ಆಮೇಲೆ ಎದ್ದು ಮೀಸೆಯಲ್ಲಿದ್ದ ಮಂಡಕ್ಕಿ ಕೊಡವಿ, ಯಾರ ಮುಖವನ್ನೂ ನೋಡದೆ ಬೈಕು ಹತ್ತಿದ. ಗೆಜ್ಜೆಸರ ಬಿಚ್ಚಿರಲಿಲ್ಲ. ರಸ್ತೆ ಮುಟ್ಟುವ ತನಕ ಕೇಳಿಸಿತು.

"ಅಜ್ಜಿ, ಅಕ್ಕಾ ಅಂದೆಲ್ಲ!" ಅಂದಳು ಮೊಮ್ಮಗಳು.

"ಅಂದೆ."

"ಅವನಿಗೆ ಅಷ್ಟುದ್ದ ಮೀಸಿ ಐತಿ!"

"ಇರ್ಲಿ."

ಆಮೇಲೆ ಅಕ್ಕಾ ಅನ್ನುವ ಕಡೆ ಮಗಾ ಅಂತ ಬೇರೆ ದನಿ ಕೂರಿಸಿ ನೋಡಿದಳಂತೆ. ಬಾಯಿಗೆ ಹೊಂದಲಿಲ್ಲ. ಹೊಂದದಿದ್ದರೂ ನಗು ಬರುತ್ತಿತ್ತು, ಅಕ್ಕಾ ಅಂದರೆ ಇನ್ನೂ ಹೆಚ್ಚು ನಗು ಬರುತ್ತಿತ್ತು. ಇಡಲೋ ತೆಗೆಯಲೋ ಅಂತ ನನಗೆ ಫೋನು ಮಾಡಿದಳು. ನಿನ್ನ ಸಿನಿಮಾ ಅಂದೆ. ಮಾವನನ್ನೂ ಕೇಳಿದಳಂತೆ. ಅವನು ಗಿರಣಿ ಚಾಲು ಮಾಡಿದನಂತೆ.

ಶ್ರಾವಣ ಹಿಡಿಯುವ ಮೊದಲು ಒಂದು ಸಂಜೆ ಸಮುದಾಯ ಭವನದಲ್ಲಿ ತೋರಿಸಿದರು. ಮದುವೆಗೆ ಹಾಕುವ ದೊಡ್ಡ ಪರದೆ, ಮದುವೆಯ ಕುರ್ಚಿಗಳು. ಗೋಡೆ ಏನೂ ಇರಲಿಲ್ಲ, ಆದರೂ ಹೆಂಗಸರೆಲ್ಲ ಒಂದು ಕಡೆ ಕೂತರು. ಬೈಕು ಹುಲ್ಲು ತಿಂದಾಗ ನಕ್ಕರು, ಆಡು ಬಂದಾಗ ನಕ್ಕರು. ಅಕ್ಕನ ಮಗ ಹಿಂದೆ ಬಾಗಿಲ ಹತ್ತಿರ ನಿಂತಿದ್ದ.

ಪರದೆಯ ಮೇಲೆ ಅವನು ನೆಟ್ಟಗೆ ನನ್ನನ್ನೇ ನೋಡಿ ಅವ್ವಾ ಅಂದ. ನಾನೂ ಅವನನ್ನೇ ನೋಡಿದೆ. ಅಷ್ಟು ಚೆನ್ನಾಗಿ ಜೋಡಿಸಿದ್ದಳು. ಅವನು ಕಲ್ಲಿಗೆ ಅಂದದ್ದು, ನಾನು ಬೇವಿನ ಮರವನ್ನು ನೋಡಿದ್ದು. ಆ ಭವನದಲ್ಲಿ ಅದನ್ನು ಕಂಡು ನಗದೆ ಇದ್ದವಳು ನಾನೊಬ್ಬಳೇ ಇರಬೇಕು.

ಆಮೇಲೆ ನನ್ನ ಅಳು ಬಂತು. ಬಳೆಗೆ ನಕ್ಕರು, ತುಪ್ಪಕ್ಕೆ ನಕ್ಕರು, ಟೊಮೇಟೊಗೆ ಕುರ್ಚಿ ಬಿಟ್ಟು ಎದ್ದು ನಕ್ಕರು. ಪಕ್ಕದಲ್ಲಿ ಕೂತವಳು ಮೊಣಕೈಯಿಂದ ತಿವಿದು, "ಏನಬೇ, ನಿಮ್ಮಕ್ಕಗ ಮೀಸಿ ಚೊಲೋ ಒಪ್ಯಾವ!" ಅಂದಳು. ಸಿಟ್ಟು ಬರಲಿಲ್ಲ. ಅಕ್ಕ ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ನನ್ನ ತೊಡೆಗೆ ಹೊಡೆಯುತ್ತಿದ್ದಳು. ತೊಡೆಯ ಮೇಲೆ ನನ್ನ ಕೈಯನ್ನೇ ಇಟ್ಟುಕೊಂಡು ಕೂತೆ.

ಮುಗಿದ ಮೇಲೆ ಚಪ್ಪಲಿ ಹುಡುಕುತ್ತಿದ್ದೆ. ಅವನು ಬಂದು ನಿಂತ. ಹತ್ತಿರದಿಂದ ಹಿಟ್ಟಿನ ವಾಸನೆ.

"ಬಳಿ ಅಲ್ಲ" ಅಂದ.

"ಏನು?"

"ನಮ್ಮವ್ವ ಹಿಟ್ಟು ನಾದೂ ಮುಂದ ಬಿಚ್ಚಿಡ್ತಿದ್ದುದು ಉಂಗುರ. ಬೆಳ್ಳಿ ಉಂಗುರ. ಬಳಿ ಅಂದಿ ನೀನು."

"ಬಳೀನ. ನಾ ಕಂಡೀನಿ."

"ನಾ ಆಕಿ ಮಗ. ನನಗ ಗೊತ್ತಿಲ್ಲೇನು?"

"ನೀ ಹುಟ್ಟೂಕಿಂತ ಮೊದ್ಲಿಂದ ನಾ ಆಕಿ ಕೂಡ ಹಿಟ್ಟು ನಾದೀನಿ."

"ಉಂಗುರ" ಅಂದ.

"ಬಳಿ" ಅಂದೆ.

ಅವನು ತಿರುಗಿ ಹೋದ. ಚಿಗವ್ವ ಅನ್ನಲಿಲ್ಲ. ಮನೆಗೆ ಬಂದು ಮಲಗಿದೆ. ಗೋಡೆಯ ಆಚೆ ಅವನು ಕೆಮ್ಮಿದ.

ಮರುದಿನ ಬೆಳಿಗ್ಗೆ ರೊಟ್ಟಿಗೆ ಹಿಟ್ಟು ಕಲಸುವುದಕ್ಕೆ ಕೂತೆ. ಕೈ ಹಿಟ್ಟಿನೊಳಗಿದ್ದಾಗ ನನ್ನ ಮುಂಗೈ ಕಂಡಿತು. ನಮ್ಮ ಮನೆಯವರು ಹೋದಾಗಿನಿಂದ ಅಲ್ಲಿ ಬಳೆ ಇಲ್ಲ. ಆಗ ಗೊತ್ತಾಯಿತು. ಅಕ್ಕನ ಗಂಡ ಸತ್ತಾಗ ಈ ಮಗ ಅಂಬೆಗಾಲಿಡುತ್ತಿದ್ದ. ಅವನು ಕಣ್ಣು ತಿಳಿದು ನೋಡಿದ್ದು ಬಳೆ ಇಲ್ಲದ ಕೈಯನ್ನೇ. ಬಳೆ ಹೋದ ಮೇಲೆ ಅಕ್ಕ ತವರಿನ ಬೆಳ್ಳಿ ಉಂಗುರ ಹಾಕಿಕೊಂಡಿದ್ದಳು. ಬಿಚ್ಚಿಡುವ ರೂಢಿ ಬಿಡಲಿಲ್ಲ, ಎಲ್ಲಿ ಅಂತ ಕೇಳುವುದನ್ನೂ ಬಿಡಲಿಲ್ಲ. ಅವನ ಮಾತೂ ಖರೆ, ನನ್ನ ಮಾತೂ ಖರೆ. ಬಳೆ ತೊಟ್ಟ ಅಕ್ಕನನ್ನು ಕಂಡವರು ಈಗ ನಾನೊಬ್ಬಳೇ. ಆ ಅಕ್ಕನನ್ನು ಅವನು ಕಂಡೇ ಇಲ್ಲ.

ಹಿಟ್ಟು ಅರ್ಧಕ್ಕೇ ಮುಚ್ಚಿಟ್ಟು ಕೈ ತೊಳೆದೆ. ಜೋಳದ ಡಬ್ಬಿಯನ್ನು ಸೊಂಟಕ್ಕೆ ಇಟ್ಟುಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೋಗದೆ, ಅವನ ಗಿರಣಿಗೆ ನಡೆದೆ. ಬೆಲ್ಟು ಓಡುತ್ತಿತ್ತು, ಒಳಗೆ ಅವನ ಮೀಸೆ ಬೆಳ್ಳಗೆ ಕಾಣುತ್ತಿತ್ತು. ಆ ಸದ್ದಿನಲ್ಲಿ ಯಾರು ಯಾರನ್ನು ಕರೆದರೂ ಕೇಳಿಸುವುದಿಲ್ಲ. ಕೆಳಗೆ ಡಬ್ಬಿಗಳು ಪಾಳಿ ಹಚ್ಚಿದ್ದವು. ಕೊನೆಯ ಡಬ್ಬಿಯ ಹಿಂದೆ ನನ್ನದನ್ನೂ ಇಟ್ಟು ಅದರ ಪಕ್ಕ ಕೂತೆ.